ಮಸಿ ಬಳಿದ ಮಾತ್ರಕ್ಕೆ ವಿಮಾನ ಹಳತಾಗುವುದಿಲ್ಲ

ಪ್ರಶ್ನೆ: ಡಿಸಿಎಸ್ ಎಂಬ ವಿಮಾನ ಹಾರಾಟದ ಸಿಮ್ಯುಲೇಟರ್‌ನ ಪಿ-51ಡಿ ಮಸ್ಟಾಂಗ್ ಯುದ್ಧವಿಮಾನಕ್ಕೆ ಎರಡನೇ ಮಹಾಯುದ್ಧದ ಕಾಲದ ಸವೆದ ಸ್ಕಿನ್ (ಹೊರಮೈಯ ಬಣ್ಣದ ಹೊದಿಕೆ) ಮಾಡುತ್ತಿದ್ದೇನೆ. ಹೊಗೆ ಕಲೆ, ಎದ್ದ ಬಣ್ಣ, ಎಣ್ಣೆಯ ಜಾಡು ಎಲ್ಲವೂ ಫೋಟೋಶಾಪ್‌ನಲ್ಲಿ ಸೊಗಸಾಗಿವೆ. ಸಿಮ್ಯುಲೇಟರ್‌ನಲ್ಲಿ ನೋಡಿದರೆ ಸ್ಟಿಕರ್ ಅಂಟಿಸಿದ ಹಾಗೆ ಮಿರುಗುತ್ತವೆ. ಎಲ್ಲಿ ತಪ್ಪಿದೆ? (ಹಾಸನ)

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ನೀವು ಬಣ್ಣದ ಫೈಲನ್ನು ಮಾತ್ರ ತಿದ್ದಿದ್ದೀರಿ, ಮೈ ಎಷ್ಟು ಹೊಳೆಯಬೇಕೆಂದು ಹೇಳುವ ರಫ್‌ಮೆಟ್ ಫೈಲನ್ನು ಮುಟ್ಟಿಲ್ಲ. ಆದ್ದರಿಂದ ನಿಮ್ಮ ಮಸಿ ಕಪ್ಪು ಬಣ್ಣದ ಲೋಹವಾಗಿಯೇ ಉಳಿದಿದೆ. ಲೋಹ ಹೊಳೆಯದೆ ಇನ್ನೇನು ಮಾಡೀತು?

ರಫ್‌ಮೆಟ್‌ನ ಕೆಂಪು ಚಾನೆಲ್‌ನಲ್ಲಿ ಸಂದುಗೊಂದಿನ ನೆರಳು, ಹಸಿರಿನಲ್ಲಿ ಒರಟುತನ, ನೀಲಿಯಲ್ಲಿ ಲೋಹದ ಅಂಶ ಇರುತ್ತದೆ, ಪ್ರತಿಯೊಂದೂ 0ಯಿಂದ 255ರವರೆಗೆ. ಮಸಿ ಲೋಹವಲ್ಲ, ಪುಡಿ. ಅದು ಗಟ್ಟಿಯಾಗಿ ಕೂತ ಕಡೆ ನೀಲಿಯನ್ನು ಸೊನ್ನೆಗೆ ಇಳಿಸಿ, ಹಸಿರನ್ನು 220ರ ಆಸುಪಾಸಿಗೆ ಏರಿಸಿ. ಹಸಿ ಎಣ್ಣೆ ಇದಕ್ಕೆ ತದ್ವಿರುದ್ಧ: ಹಸಿರು 50ಕ್ಕೆ ಇಳಿಯಬೇಕು, ಇಲ್ಲದಿದ್ದರೆ ಅದು ಎಣ್ಣೆಯಾಗಿ ಕಾಣದೆ ಕಂದು ಧೂಳಾಗಿ ಕಾಣುತ್ತದೆ. ಬಣ್ಣದ ಫೈಲಿಗೆ ಬಳಸಿದ ಮಾಸ್ಕನ್ನೇ (ಕಲೆಯ ಜಾಗ, ಆಕಾರ ಗುರುತಿಸುವ ಪದರ) ಇಲ್ಲಿಗೂ ನಕಲು ಮಾಡಿ. ಕಣ್ಣಂದಾಜಿನಲ್ಲಿ ಇನ್ನೊಮ್ಮೆ ಬಳಿದರೆ ಅಂಚು ಕೂಡುವುದಿಲ್ಲ, ಕಲೆಯ ಸುತ್ತ ಹೊಳೆಯುವ ಗೆರೆಯೊಂದು ಉಳಿಯುತ್ತದೆ.

ಸ್ಕಿನ್‌ಗೆ ಯಾವ ಫೈಲು ಎಲ್ಲಿಗೆ ಎಂದು ಪಟ್ಟಿ ಮಾಡುವ ಲುವಾ ಫೈಲಿನಲ್ಲಿ 0 ಎಂದರೆ ಬಣ್ಣ, 1 ಎಂದರೆ ನಾರ್ಮಲ್ (ಮೈಯ ಉಬ್ಬುತಗ್ಗು ತೋರಿಸುವ ಮ್ಯಾಪ್), 13 ಎಂದರೆ ರಫ್‌ಮೆಟ್. 13ರ ಸಾಲನ್ನೇ ಬರೆಯದೆ "ರಫ್‌ಮೆಟ್ ಬದಲಿಸಿದರೂ ಏನೂ ಆಗಲಿಲ್ಲ" ಎಂದು ಕೇಳಬೇಡಿ. ಸಾಲಿನ ಕೊನೆಗೆ ಫಾಲ್ಸ್ (false) ಇರಲಿ, ಆಗಲೇ ಸಿಮ್ಯುಲೇಟರ್ ನಿಮ್ಮ ಫೋಲ್ಡರಿನ ಫೈಲನ್ನು ಎತ್ತಿಕೊಳ್ಳುವುದು.

ಇನ್ನು ಮಸ್ಟಾಂಗ್‌ನ ವಿಚಾರ. ಇಡೀ ವಿಮಾನವನ್ನು ಕನ್ನಡಿಯಂತೆ ಬೆಳಗಿಸಿ, ರೆಕ್ಕೆಯ ಪ್ರತಿ ರಿವೆಟ್ಟಿಗೂ ಕಪ್ಪು ಚುಕ್ಕೆ ಇಡುವ ಚಾಳಿ ಇದೆ. ಇದು ಇಂದಿನ ಏರ್‌ಶೋ ವಿಮಾನಗಳನ್ನು ನೋಡಿ ಕಲಿತದ್ದು. ಗಾಳಿ ನಯವಾಗಿ ಹರಿಯಲೆಂದು ಕಾರ್ಖಾನೆಯಲ್ಲಿ ರೆಕ್ಕೆಯ ಮುಂದಿನ ಸುಮಾರು ಶೇ 40 ಭಾಗದ ಸಂದು, ರಿವೆಟ್ಟುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಸಿಂಪಡಿಸುತ್ತಿದ್ದರು. ಬರಿಯ ಲೋಹ ಕಾಣಬೇಕಾದದ್ದು ಮುಖ್ಯವಾಗಿ ಒಡಲಿನಲ್ಲಿ. ಒಡಲಿಗೆ ನೀಲಿ 240, ಹಸಿರು 100. ರೆಕ್ಕೆಗೆ ನೀಲಿ 120, ಹಸಿರು 150 ಇಟ್ಟು ಶುರು ಮಾಡಿ, ಆಮೇಲೆ ಬೆಳಗಿನ ಬಿಸಿಲಿನಲ್ಲೂ ಮೋಡದಲ್ಲೂ ನೋಡಿ ತಿದ್ದಿಕೊಳ್ಳಿ. ರೆಕ್ಕೆಯ ಮುಂಭಾಗದ ರಿವೆಟ್ಟುಗಳನ್ನು ನಾರ್ಮಲ್ ಮ್ಯಾಪ್‌ನಿಂದಲೂ ಅಳಿಸಿ. ಮದ್ದುಗುಂಡಿನ ಪೆಟ್ಟಿಗೆಯ ಮುಚ್ಚಳ, ಇಂಧನದ ಬಾಯಿ ಇವುಗಳ ಸಂದು ಮಾತ್ರ ಇರಲಿ, ಅವನ್ನು ದಿನವೂ ತೆರೆಯುತ್ತಿದ್ದರು.

ಚುಕ್ಕಾಣಿಗೆ ಹೊದಿಸಿದ್ದು ಬಟ್ಟೆ. ಬಟ್ಟೆಯ ಬಣ್ಣ ಎದ್ದರೆ ಒಳಗಿಂದ ಅಲ್ಯೂಮಿನಿಯಂ ಇಣುಕುವುದು ಹೇಗೆ? ಆದರೂ ಚುಕ್ಕಾಣಿಯ ಅಂಚಿಗೆ ಬೆಳ್ಳಿ ಚೂರು ಉದುರಿಸಿದ ಸ್ಕಿನ್‌ಗಳನ್ನು "ಅತ್ಯಂತ ನೈಜ" ಎಂದು ಹಂಚುತ್ತಾರೆ.

ಸವೆತಕ್ಕೆ ಕಾರಣ ಇರಬೇಕು. ಪೈಲಟ್ ಹತ್ತುವುದು ಎಡರೆಕ್ಕೆಯಿಂದ, ಹಾಗಾಗಿ ಎಡಬುಡದಲ್ಲಿ ಕೆಸರು, ಗೀಚು ಹೆಚ್ಚು. ಎರಡೂ ಬದಿಗೆ ಒಂದೇ ಮಾಸ್ಕ್ ತಿರುಗಿಸಿ ಹಾಕಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಹೊಗೆ ಕಲೆ ಶುದ್ಧ ಕಪ್ಪಲ್ಲ. ಸೀಸ ಬೆರೆಸಿದ ಪೆಟ್ರೋಲ್ ಉರಿದರೆ ಬೂದು-ಕಂದು ಪುಡಿ ಕೂರುತ್ತದೆ. ನಡುವೆ ತಿಳಿ ಬೂದಿ, ಅಂಚಿಗೆ ಕಪ್ಪು. ಪ್ರತಿ ಬದಿಯ ಆರು ಕೊಳವೆಗಳಿಂದ ಬೇರೆ ಬೇರೆಯಾಗಿ ಹೊರಟು ಹಿಂದಕ್ಕೆ ಹೋಗುತ್ತಾ ಒಂದಾಗಲಿ.

ಕಲೆ ಎಳೆಯುವ ಮೊದಲು ಟೆಕ್ಸ್ಚರ್ (ವಿಮಾನಕ್ಕೆ ಹೊದಿಸುವ ಚಿತ್ರದ ಹಾಳೆ) ಮೇಲೆ ಅಂಕಿ ಬರೆದ ಬಾಣಗಳನ್ನು ಹಾಕಿ, ವಿಮಾನವನ್ನು ತಿರುಗಿಸಿ ನೋಡುವ ಮಾಡೆಲ್ ವ್ಯೂಯರ್‌ನಲ್ಲಿ ನೋಡಿಕೊಳ್ಳಿ. ಹಾಳೆಯಲ್ಲಿ ರೆಕ್ಕೆ ಅಡ್ಡ ಮಲಗಿರಬಹುದು, ಒಂದು ತುಂಡು ತಲೆಕೆಳಗಾಗಿರಬಹುದು. ಗಾಳಿಯ ದಿಕ್ಕು ನಿಮ್ಮ ಮಾನಿಟರ್‌ನ ಎಡಬಲವಲ್ಲ.

ಅಳತೆಯನ್ನೂ ಲೆಕ್ಕ ಹಾಕಿ. ಮಸ್ಟಾಂಗ್‌ನ ರೆಕ್ಕೆ ತುದಿಯಿಂದ ತುದಿಗೆ 11.28 ಮೀಟರ್. ಅರ್ಧರೆಕ್ಕೆ 2800 ಪಿಕ್ಸೆಲ್‌ನಷ್ಟು ಹಾಸಿದ್ದರೆ ಒಂದು ಪಿಕ್ಸೆಲ್ ಸುಮಾರು 2 ಮಿಲಿಮೀಟರ್. ನೀವು ಇಟ್ಟ 20 ಪಿಕ್ಸೆಲ್‌ನ ಚೂರು 4 ಸೆಂಟಿಮೀಟರ್, ಅಂದರೆ ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದು. ಸ್ಕ್ರೂ ಸುತ್ತ ಬಣ್ಣ ಅಷ್ಟು ದೊಡ್ಡದಾಗಿ ಎದ್ದರೆ ಅದು ಯುದ್ಧವಿಮಾನವಲ್ಲ, ಗುಜರಿ. ಎರಡು ಮೂರು ಪಿಕ್ಸೆಲ್ ಸಾಕು. ಚಿತ್ರವನ್ನು ಡಿಡಿಎಸ್ ಫೈಲಾಗಿ ಉಳಿಸುವಾಗ ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳು) ಮರೆತರೆ ಇದೇ ಚೂರುಗಳು ದೂರದಿಂದ ಮಿಣುಕು ಹುಳದಂತೆ ಮಿನುಗುತ್ತವೆ.

ಪ್ರಶ್ನೆ: ನಾರ್ಮಂಡಿ ದಾಳಿಯ ಕಪ್ಪು-ಬಿಳಿ ಪಟ್ಟೆಗಳ ಅಂಚನ್ನು ಚೊಕ್ಕಟ ಮಾಡುವುದು ಹೇಗೆ? (ಮಂಗಳೂರು)

ಉತ್ತರ: ಮಾಡಬೇಡಿ. 1944ರ ಜೂನ್ 6ರ ದಾಳಿಗೆ ಮುನ್ನ ತರಾತುರಿಯಲ್ಲಿ ಎಷ್ಟೋ ಕಡೆ ಕೈಕುಂಚದಲ್ಲಿ ಬಳಿದ ಪಟ್ಟೆಗಳವು. ಅಗಲ 18 ಇಂಚು, ಅಂಚು ಸೊಟ್ಟ.

ಪ್ರಶ್ನೆ: ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದ ವಿಮಾನಗಳ ಫೋಟೋ ನೋಡಿ ಕೊಳೆಯ ಕಲೆ ಬಿಡಿಸಬಹುದೇ? (ಬೆಂಗಳೂರು)

ಉತ್ತರ: ಫಲಕಗಳ ಸಂದು, ತಿರುಪುಗಳ ಜಾಗ ನೋಡಲು ಧಾರಾಳವಾಗಿ ಹೋಗಿ. ಕಲೆಗೆ ಬೇಡ. ಬಯಲಲ್ಲಿ ನಿಂತ ವಿಮಾನದ ಮೇಲೆ ಮಳೆನೀರು ನೆಲದ ಕಡೆಗೆ ಇಳಿದಿರುತ್ತದೆ, ಹಾರುವ ವಿಮಾನದ ಕೊಳೆ ಬಾಲದ ಕಡೆಗೆ ಓಡುತ್ತದೆ. ಎರಡನ್ನೂ ಬೆರೆಸಿದ ಸ್ಕಿನ್‌ಗಳೇ ಈಗ ಎಲ್ಲೆಲ್ಲೂ.

ಪ್ರಶ್ನೆ: ಒಂದೇ ಕ್ಲಿಕ್ಕಿನಲ್ಲಿ ಹಳತು ಮಾಡುವ ಪ್ಯಾಕ್ ಮಾರಾಟಕ್ಕಿದೆ. ಕೊಳ್ಳಲೇ? (ದಾವಣಗೆರೆ)

ಉತ್ತರ: ತುಕ್ಕು ಹಿಡಿದ ಕಬ್ಬಿಣದ ತಗಡಿನ ಫೋಟೋಗಳಿಗೆ ದುಡ್ಡು ಕೊಡುವುದು ನಿಮ್ಮಿಷ್ಟ. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ.

ಪ್ರಶ್ನೆ: 8ಕೆ (ಒಂದು ಬದಿಗೆ 8192 ಪಿಕ್ಸೆಲ್) ಟೆಕ್ಸ್ಚರ್ ಬೇಕೇ? (ಶಿವಮೊಗ್ಗ)

ಉತ್ತರ: ಬೇಡ.