ಡಿಶ್ ಎಂಡ್ ಬಗೆಗಿನ ನಿಮ್ಮ ಲೇಖನ: ಬಾಗಿದ ಅಂಚಿನಿಂದಲೇ ಶುರುಮಾಡಿ

ನಮಸ್ಕಾರ.

ಡಿಶ್ ಎಂಡ್, ಅಂದರೆ ಒತ್ತಡದ ಟ್ಯಾಂಕಿನ ತುದಿಗೆ ಬೆಸೆಯುವ ಗುಮ್ಮಟದಂಥ ಮುಚ್ಚಳದ ಬಗ್ಗೆ ನೀವು ಕಳಿಸಿದ ‘ಒತ್ತಡದ ಟ್ಯಾಂಕುಗಳ ಆಕಾರ’ ಓದಿದೆ. ಈಗಿದ್ದಂತೆ ಅಚ್ಚಿಗೆ ಕಳಿಸಲಾರೆ. ಆದರೆ ಕೈಬಿಡಬೇಡಿ, ಹುಬ್ಬಳ್ಳಿಯ ತಾರಿಹಾಳದ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ಕನ್ನಡದಲ್ಲಿ ಇಂಥ ಬರಹ ಬೇಕೇ ಬೇಕು.

ಉಗಿಯಂತ್ರದ ಚರಿತ್ರೆಯ ಮೊದಲ ಎರಡು ಪುಟ ತೆಗೆಯಿರಿ. ಮೂರನೇ ಪುಟದಲ್ಲಿ, ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿ ಅಂಚಿನಲ್ಲೇ ಹರಿಯುತ್ತದೆ ಎಂದಿದ್ದೀರಲ್ಲ, ಲೇಖನ ಹುಟ್ಟುವುದು ಅಲ್ಲಿ.

‘ಅರ್ಧಗೋಳವೇ ಶ್ರೇಷ್ಠ, ಚಪ್ಪಟೆ ಕನಿಷ್ಠ’ ಎಂದರೆ ಓದುಗನಿಗೆ ಏನೂ ಸಿಗುವುದಿಲ್ಲ. ಲೆಕ್ಕ ಕೊಡಿ. ವ್ಯಾಸ 1000 ಮಿ.ಮೀ., ಒತ್ತಡ 10 ಬಾರ್, ಉಕ್ಕಿಗೆ ಬಿಡುವ ಸ್ಟ್ರೆಸ್ 138 ಮೆಗಾಪಾಸ್ಕಲ್, ಜಾಯಿಂಟ್ ಎಫಿಶಿಯೆನ್ಸಿ (ಪ್ಲೇಟಿಗೆ ಹೋಲಿಸಿದರೆ ವೆಲ್ಡಿನ ಬಲ) 1 ಎಂದು ಹಿಡಿದರೆ, ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಸೂತ್ರದಂತೆ ಶೆಲ್ಲಿಗೆ, ಅಂದರೆ ಟ್ಯಾಂಕಿನ ಸಿಲಿಂಡರ್ ಮೈಗೆ, 3.6 ಮಿ.ಮೀ. ದಪ್ಪ ಬೇಕು. ಅರ್ಧಗೋಳದ ತುದಿಗೆ 1.8 ಸಾಕು. 2:1 ಎಲಿಪ್ಸಾಯ್ಡಲ್‌ಗೆ (ಅರ್ಧ ಮೊಟ್ಟೆಯಂಥ ತುದಿ) 3.6. ನಮ್ಮಲ್ಲಿ ಹೆಚ್ಚು ಓಡುವ, ಅಂಚಿನ ಬಾಗಿನ (ನಕಲ್) ರೇಡಿಯಸ್ ವ್ಯಾಸದ 6% ಇರುವ ಟೋರಿಸ್ಫೆರಿಕಲ್‌ಗೆ (ಮಂದ ಗುಮ್ಮಟದ ತುದಿ) 6.4. ಬೆಸೆದ ಚಪ್ಪಟೆ ಪ್ಲೇಟಿಗೆ, ಅಂಚಿನ ಜೋಡಣೆಗೆ ತಕ್ಕಂತೆ ಹಿಡಿಯುವ ‘ಸಿ’ ಗುಣಾಂಕ 0.3 ಆದರೆ, ಸುಮಾರು 47! ಈ ಒಂದು ಸಾಲು ನಿಮ್ಮ ನಾಲ್ಕು ಪುಟಕ್ಕೆ ಸಮ.

ಹಾಗಾದರೆ ಎಲ್ಲರೂ ಅರ್ಧಗೋಳವನ್ನೇ ಯಾಕೆ ಹಾಕುವುದಿಲ್ಲ? ಅದರ ಆಳ 500 ಮಿ.ಮೀ.; ದೊಡ್ಡದಾದರೆ ಎಸಳುಗಳಾಗಿ ಒತ್ತಿ ಬೆಸೆಯಬೇಕು. ಎಲಿಪ್ಸಾಯ್ಡಲ್ ಆಳ 250, ಟೋರಿಸ್ಫೆರಿಕಲ್ ಸುಮಾರು 170. ಆಳ ಕಡಿಮೆಯಾದಷ್ಟೂ ರೂಪಿಸುವುದು ಸಲೀಸು.

ಐದನೇ ಪುಟದಲ್ಲಿ ದೊಡ್ಡ ತಪ್ಪಿದೆ. ಉದ್ದ ವೆಲ್ಡಿಗೂ ಸುತ್ತು ವೆಲ್ಡಿಗೂ ಒಂದೇ ಭಾರ ಎಂದಿದ್ದೀರಿ. ಅಲ್ಲ, ಸಿಲಿಂಡರಿನಲ್ಲಿ ಉದ್ದ ವೆಲ್ಡಿನ ಮೇಲೆ ಬೀಳುವ ಸ್ಟ್ರೆಸ್ ಸುತ್ತು ವೆಲ್ಡಿನ ಮೇಲೆ ಬೀಳುವುದರ ಎರಡು ಪಟ್ಟು. ನೀವು ಬರೆದದ್ದನ್ನು ನಂಬಿ ಯಾರಾದರೂ ಕೆಲಸ ಮಾಡಿದರೆ ಜೀವಕ್ಕೇ ಕುತ್ತು.

ಇನ್ನು ನಕಲ್. ಗುಮ್ಮಟಕ್ಕೂ ನೇರ ಅಂಚಿಗೂ ನಡುವಿನ ಬಾಗು ಎಂದು ಮೊದಲೇ ಬಿಡಿಸಿ ಹೇಳಿ. ಕನ್ನಡದಲ್ಲಿ ‘ನಕಲು ಪ್ರತಿ’ ಎಂದು ಓದಿಕೊಳ್ಳುವವರಿದ್ದಾರೆ. ಒತ್ತಡ ಏರಿದಾಗ ಗುಮ್ಮಟ ಹೊರಗೆ ಉಬ್ಬುತ್ತದೆ, ಈ ಬಾಗನ್ನು ಒಳಕ್ಕೆ ಎಳೆಯುತ್ತದೆ. ಸುತ್ತಳತೆ ಕುಗ್ಗಬೇಕಾಗಿ ಬಂದು, ತೆಳು ಪ್ಲೇಟಾದರೆ ಅಲ್ಲಿ ಸುಕ್ಕು ಬೀಳಬಹುದು. ಅದಕ್ಕೇ ನಕಲ್ ರೇಡಿಯಸ್ ಹೊರವ್ಯಾಸದ 6%ಕ್ಕಿಂತಲೂ ದಪ್ಪದ 3 ಪಟ್ಟಿಗಿಂತಲೂ ಕಡಿಮೆ ಇರಕೂಡದು. ಶೆಲ್ಲಿನ ವೆಲ್ಡು ಬಾಗಿನ ಮೇಲೆ ಬೀಳದಿರಲೆಂದೇ ಡಿಶ್ ಎಂಡಿಗೆ ನೇರ ಅಂಚು ಬಿಡುತ್ತಾರೆ. ನೀವು ಅದನ್ನು ‘ಅಂದಕ್ಕೆ’ ಎಂದಿದ್ದೀರಿ, ತಿದ್ದಿ.

ರೂಪಿಸುವಾಗ ಪ್ಲೇಟು ಈ ಬಾಗಿನ ಹತ್ತಿರವೇ ತೆಳುವಾಗುತ್ತದೆ ಎಂಬುದನ್ನೂ ಸೇರಿಸಿ. ಮೇಲಿನ 6.4ಕ್ಕೆ ತುಕ್ಕು ತಿನ್ನಲೆಂದು ಬಿಡುವ ಪಾಲು 1.5 ಕೂಡಿದರೆ 7.9. 8 ಮಿ.ಮೀ. ಪ್ಲೇಟು ತಂದರೆ ಒತ್ತಿದ ಮೇಲೆ ಕಡಿಮೆ ಬೀಳುತ್ತದೆ, 10 ತರಬೇಕು. ಆರ್ಡರಿನಲ್ಲಿ ‘ರೂಪಿಸಿದ ಮೇಲೆ ಕನಿಷ್ಠ 7.9’ ಎಂದು ಬರೆಯಬೇಕು, ಮಾಲು ಬಂದಾಗ ಅಲ್ಟ್ರಾಸಾನಿಕ್ ಗೇಜಿನಿಂದ ಬಾಗಿನ ಸುತ್ತಲೂ ಅಳೆಯಬೇಕು.

‘ವೃತ್ತವಲಯಗೋಳೀಯ ಶಿರ’ದಂಥ ಪದ ಬೇಡ. ಗೋಕುಲ ರಸ್ತೆಯ ವೆಲ್ಡರಿಗೆ ಅದು ಡಿಶ್ ಎಂಡ್, ನಿಮಗೂ ಹಾಗೇ ಇರಲಿ. ಅಳತೆ ಹಾಕಿದ ಒಂದು ಅಡ್ಡಸೀಳು ಚಿತ್ರ ಜೋಡಿಸಿ, ಐದು ಪುಟದೊಳಗೆ ಮತ್ತೆ ಕಳಿಸಿ. ಸೂತ್ರಗಳನ್ನು ನಾನೇ ಸಾಲುಸಾಲಾಗಿ ಪರಿಶೀಲಿಸುತ್ತೇನೆ.