ತ್ರೀ ಫೇಸ್ ಕರೆಂಟು, ತುಂಡು ನಿದ್ದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರು, 46 ವರ್ಷ. ಚಿತ್ರದುರ್ಗಕ್ಕೆ, ನನ್ನ ಹತ್ತಿರ ಸಲಹೆಗೆ ಕರೆದುಕೊಂಡು ಬಂದವರು ಹೆಂಡತಿ. "ಮೇಡಂ, ನಮ್ಮನೆಯವರಿಗೆ ಮರೆವು ಜಾಸ್ತಿ ಆಗಿದೆ. ಮೊನ್ನೆ ಸಂತೆಗೆ ಬೈಕಲ್ಲಿ ಹೋಗಿ ಬಸ್ಸಲ್ಲಿ ವಾಪಸ್ ಬಂದರು" ಅಂದರು. ಗಂಡ ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ನಮ್ಮಪ್ಪನೂ ಕೊನೆಗೆ ನನ್ನ ಗುರುತು ಹಿಡೀಲಿಲ್ಲ. ನನಗೂ ಅದೇ ಶುರುವಾಯ್ತಾ?" ಎಂದು ಕೇಳಿದರು.

ನಿದ್ದೆ ಹೇಗಿದೆ ಎಂದು ಕೇಳಿದೆ. ನೀರಿನ ಮೋಟಾರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟು ತೋಟಕ್ಕೆ ಬರುವುದು ಹೆಚ್ಚಾಗಿ ರಾತ್ರಿ. ಹನ್ನೊಂದಕ್ಕೆ ಹೋಗಿ ಮೋಟಾರ್ ಹಾಕಬೇಕು, ನಡುವೆ ಎರಡು ಸಲ ಗೇಟ್‌ವಾಲ್ ತಿರುಗಿಸಬೇಕು. ಎಚ್ಚರ ಇರಲು ಫ್ಲಾಸ್ಕ್ ತುಂಬ ಟೀ, ಕೈಯಲ್ಲಿ ಮೊಬೈಲ್. ಬೆಳಗ್ಗೆ ಏಳಕ್ಕೆ ಮತ್ತೆ ಕೆಲಸ. ಎರಡು ವರ್ಷದಿಂದ ದಿನಕ್ಕೆ ನಾಲ್ಕು ಗಂಟೆ, ಅದೂ ತುಂಡು ತುಂಡು ನಿದ್ದೆ. ದೊಡ್ಡವರಿಗೆ ಕನಿಷ್ಠ 7 ಗಂಟೆಯಾದರೂ ಬೇಕು.

ಅವರಿಗೆ ಹೀಗೆ ಹೇಳಿದೆ. ಹಗಲು ಕಂಡಿದ್ದು, ಕೇಳಿದ್ದು ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ಮೊದಲು ನಿಲ್ಲುತ್ತದೆ. ಅದು ಗಟ್ಟಿ ನೆನಪಾಗುವುದು ಬಹುಪಾಲು ನಿದ್ದೆಯಲ್ಲಿ. ನಿದ್ದೆಗೆಟ್ಟವರಿಗೆ ಗಮನವೇ ನಿಲ್ಲುವುದಿಲ್ಲ. ಬೈಕ್ ಎಲ್ಲಿ ನಿಲ್ಲಿಸಿದೆ ಅನ್ನುವುದು ತಲೆಗೆ ಹೋಗಿಯೇ ಇರುವುದಿಲ್ಲ, ನೆನಪಾಗುವುದಾದರೂ ಹೇಗೆ? ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್, ಇಲಿಗಳಲ್ಲಿ ನಿದ್ದೆಯ ಹೊತ್ತು ಬೇಗ ಹೊರಹೋಗುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿತು. ಇದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ನಿದ್ದೆ ಮಾಡಿದರೆ ಅಪ್ಪನ ಕಾಯಿಲೆ ಬರುವುದೇ ಇಲ್ಲ ಅಂತ ನಾನು ಮಾತು ಕೊಡಲಿಲ್ಲ.

ಸುಮ್ನೆ "ರಾತ್ರಿ ಬೇಗ ಮಲಗಿ" ಅಂದರೆ ತೋಟ ಒಣಗುತ್ತದೆ, ಅಲ್ವಾ? ಹಾಗಾಗಿ ತಮ್ಮನ ಜೊತೆ ರಾತ್ರಿ ಪಾಳಿ ಹಂಚಿಕೊಳ್ಳಲು ಹೇಳಿದೆ. ಕರೆಂಟು ಬಂದಾಗ ತಾನಾಗಿಯೇ ಮೋಟಾರ್ ಚಾಲೂ ಮಾಡುವ ಆಟೋ ಸ್ಟಾರ್ಟರ್ ಹಾಕಿಸಿದರೆ ಮೋಟಾರಿಗಾಗಿ ಕಾಯುವುದು ತಪ್ಪುತ್ತದೆ. ಪಾಳಿ ಮುಗಿಸಿ ಬಂದ ದಿನ ಬೆಳಗ್ಗೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಬೇಕು, ಆ ನಿದ್ದೆಗಣ್ಣಲ್ಲಿ ಬೈಕ್ ಮುಟ್ಟಬಾರದು. ಟೀ ನಡುರಾತ್ರಿಗೇ ಮುಗಿಯಬೇಕು. ಟೀಯಲ್ಲಿರುವ, ನಿದ್ದೆ ತಡೆಯುವ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯಾದರೂ ದೇಹದಲ್ಲೇ ಇರುತ್ತದೆ.

ಜೋರು ಗೊರಕೆ, ನಡುನಡುವೆ ಉಸಿರು ನಿಂತ ಹಾಗಾಗುತ್ತದೆ ಎಂದು ಹೆಂಡತಿ ಹೇಳಿದ್ದನ್ನು ಚೀಟಿಯಲ್ಲಿ ಬರೆದು ವೈದ್ಯರ ಹತ್ತಿರ ಕಳಿಸಿದೆ. ಬಿ12, ಥೈರಾಯ್ಡ್, ಶುಗರ್ ಪರೀಕ್ಷೆಯೂ ಆಗಬೇಕಿತ್ತು. ಮರೆವಿಗೆ ಇವೂ ಕಾರಣ ಇರಬಹುದು.

ಆರು ವಾರದ ಮೇಲೆ ಬಂದಾಗ ಮುಖದಲ್ಲಿ ಕಳೆ ಇತ್ತು. ಮರೆವು ಪೂರ್ತಿ ಹೋಗಿಲ್ಲ, ಗೊರಕೆಯ ತಪಾಸಣೆ ಬಾಕಿ ಇದೆ. ತಮ್ಮ ವಾರಕ್ಕೆ ಎರಡು ರಾತ್ರಿ ಒಪ್ಪಿಕೊಂಡಿದ್ದಾರಂತೆ. ಮೂರನೆಯ ರಾತ್ರಿಗೆ ಇವರ ಹೆಂಡತಿಯೇ ಮೈದುನನ ಜೊತೆ ಮಾತಾಡುತ್ತಿದ್ದಾರೆ.