ಒಲೀಸೆಯನ್ನು ಮಾರಲೇ, ಆಟವನ್ನೇ ಬಿಡಲೇ?

ಪ್ರಶ್ನೆ: ನನಗೆ 29 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಮದುವೆಯಾಗಿ ಒಂದು ವರ್ಷವಾಯಿತು. ‘ಫುಟ್‌ಬಾಲ್ ಮ್ಯಾನೇಜರ್ 2024’ ಎಂಬ ಕಂಪ್ಯೂಟರ್ ಆಟದಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬಾದ ಕ್ರಿಸ್ಟಲ್ ಪ್ಯಾಲೇಸ್ ನಡೆಸುತ್ತಿದ್ದೇನೆ. ಮೊದಲ ಸೀಸನ್ನಿನಲ್ಲಿ 9ನೇ ಸ್ಥಾನ ಬಂತು. ಈಗ ಎರಡನೇ ಸೀಸನ್, ಜನವರಿ ಶುರುವಾಗಿದೆ, 14ನೇ ಸ್ಥಾನದಲ್ಲಿದ್ದೇನೆ. ಬೇಸಿಗೆಯಲ್ಲಿ ನನ್ನ ವಿಂಗರ್ (ಅಂಚಿನಿಂದ ದಾಳಿ ಮಾಡುವ ಆಟಗಾರ) ಮೈಕಲ್ ಒಲೀಸೆ ಕ್ಲಬ್ ಬಿಟ್ಟು ಹೋಗುತ್ತೇನೆಂದಾಗ ‘ತಂಡವನ್ನು ಬಲಪಡಿಸುತ್ತೇನೆ’ ಎಂದು ಮಾತು ಕೊಟ್ಟೆ. ಕೊಂಡದ್ದು ಮೂವರು ಎಳೆಯ ಹುಡುಗರನ್ನು. ಈಗ ಅವನು ಸಿಟ್ಟಾಗಿದ್ದಾನೆ, ತಂಡದ ನಾಯಕರೂ ಅವನ ಪರ ನಿಂತಿದ್ದಾರೆ. ಸೋತಾಗೆಲ್ಲ ಹಿಂದಿನ ಸೇವ್ (ಮೊದಲೇ ಉಳಿಸಿಟ್ಟ ಆಟ) ತೆರೆದು ಮತ್ತೆ ಆಡುತ್ತೇನೆ, ಮಲಗುವಾಗ ಎರಡು ಗಂಟೆ. ಮೊನ್ನೆ ಹೆಂಡತಿ, ‘ಆ ಒಲೀಸೆಗೆ ಕೊಟ್ಟ ಮಾತಿಗೆ ಇಷ್ಟು ತಲೆ ಕೆಡಿಸ್ಕೊಳ್ತೀರಲ್ಲ, ಹನ್ನೊಂದಕ್ಕೆ ಮಲಗ್ತೀನಿ ಅಂತ ನಂಗೆ ಕೊಟ್ಟ ಮಾತು ಏನಾಯ್ತು?’ ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಅವನನ್ನು ಮಾರಲೇ, ಹೊಸದಾಗಿ ಶುರುಮಾಡಲೇ, ಆಟವನ್ನೇ ಅಳಿಸಿಬಿಡಲೇ?
— ನಿದ್ದೆಗೆಟ್ಟವನು, ಮೈಸೂರು

ಉತ್ತರ: ಆಟ ಅಳಿಸಬೇಡಿ, ಹೊಸದಾಗಿಯೂ ಶುರುಮಾಡಬೇಡಿ. ಒಲೀಸೆಯನ್ನು ಮಾರಿ, ಆದರೆ ಈ ಜನವರಿಯಲ್ಲಿ ಬೇಡ.

14ನೇ ಸ್ಥಾನ ಪ್ಯಾಲೇಸ್‌ಗೆ ಅವಮಾನವೇನಲ್ಲ. 2013ರಲ್ಲಿ ಪ್ರೀಮಿಯರ್ ಲೀಗ್‌ಗೆ ಮರಳಿದಾಗಿನಿಂದ 2024–25ರವರೆಗಿನ 12 ಸೀಸನ್‌ಗಳಲ್ಲಿ ನಿಜವಾದ ಪ್ಯಾಲೇಸ್ ಒಮ್ಮೆಯೂ 10ರ ಮೇಲೆ ಹೋಗಿಲ್ಲ, 15ರ ಕೆಳಗೂ ಇಳಿದಿಲ್ಲ. ಅಂಥ ಕ್ಲಬ್ಬನ್ನು ನೀವು ಮೊದಲ ವರ್ಷವೇ 9ಕ್ಕೆ ಒಯ್ದಿರಿ. ಈಗಿನ ತೊಂದರೆಯ ಬೇರು ಅಲ್ಲೇ ಇದೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಆ ಮಾತಿನ ವಿಷಯ. ಆಟಗಾರನೊಬ್ಬ ದೊಡ್ಡ ಕ್ಲಬ್ಬಿನತ್ತ ನೋಡತೊಡಗಿದಾಗ ಆಟವು ನಿಮ್ಮ ಮುಂದೆ ನಾಲ್ಕೈದು ಉತ್ತರಗಳನ್ನಿಡುತ್ತದೆ. ಅವುಗಳಲ್ಲಿ ‘ತಂಡವನ್ನು ಬಲಪಡಿಸುತ್ತೇನೆ’ ಎನ್ನುವುದು ಬಾಯಿಗೆ ಸುಲಭ, ಕೈಗೆ ದುಬಾರಿ. ಭವಿಷ್ಯದಲ್ಲಿ ಬೆಳೆಯಬಹುದಾದ ಹುಡುಗರನ್ನು ತಂದರೆ ಅದು ಈಡೇರಿದ ಲೆಕ್ಕಕ್ಕೆ ಬರುವುದಿಲ್ಲ. ನಾಳೆಯೇ ಮೊದಲ ಹನ್ನೊಂದರಲ್ಲಿ ಆಡಬಲ್ಲವರು ಬಂದರೆ ಮಾತ್ರ ಆಟಗಾರ ಒಪ್ಪುತ್ತಾನೆ. ವೇತನದ ಬಜೆಟ್ ಬಿಗಿಯಾಗಿರುವ ಮಧ್ಯಮ ಕ್ಲಬ್ಬು ಈ ಮಾತು ಕೊಡಲೇಬಾರದು. ಆಟದ ಡೈನಾಮಿಕ್ಸ್ ಪುಟಕ್ಕೆ ಹೋಗಿ, ನೀವು ಕೊಟ್ಟ ಮಾತುಗಳ ಪಟ್ಟಿಯನ್ನು ಒಮ್ಮೆ ಓದಿ. ಯಾರಿಗೆ ಏನು ಹೇಳಿದ್ದೀರಿ, ಯಾವುದು ಇನ್ನೂ ಬಾಕಿ ಎಂಬುದೆಲ್ಲ ಅಲ್ಲಿದೆ. ಇನ್ನೂ ಒಂದೆರಡು ಮರೆತುಹೋದ ಮಾತುಗಳು ಸಿಗುತ್ತವೆ, ಬಹುತೇಕ ‘ಹೆಚ್ಚು ಪಂದ್ಯ ಆಡಿಸುತ್ತೇನೆ’ ಎಂಬಂಥವು. ಅವನ್ನು ಮುಂದಿನ ನಾಲ್ಕು ಪಂದ್ಯಗಳಲ್ಲೇ ತೀರಿಸಿಬಿಡಿ.

ಒಲೀಸೆಯ ಜೊತೆ ಮತ್ತೆ ಮಾತಾಡಬೇಕು. ಸೋಲಿನ ಮರುದಿನ ಕರೆಯಬೇಡಿ, ಒಂದು ಗೆಲುವಿನ ನಂತರ ಕರೆಯಿರಿ. ಕ್ಷಮೆ, ಸಬೂಬು ಬೇಡ, ಸೀಸನ್ ಮುಗಿದ ಮೇಲೆ ಬಿಡುತ್ತೇನೆ ಎಂಬ ದಾರಿ ಹಿಡಿಯಿರಿ. ಅವನು ಒಪ್ಪದೆ, ಇಂತಿಷ್ಟು ಬೆಲೆ ಬಂದರೆ ಬಿಡಬೇಕು ಎಂದು ಹಟ ಹಿಡಿದರೆ, ನೀವು ನಿಜವಾಗಿ ಮಾರಲು ಸಿದ್ಧವಿರುವ ಬೆಲೆಯನ್ನೇ ಹೇಳಿ. ಹೆದರಿಸಲೆಂದು 15 ಕೋಟಿ ಪೌಂಡ್ ಎಂದರೆ ಅವನೇ ತಳ್ಳಿಹಾಕುತ್ತಾನೆ. ಕಡಿಮೆ ಹೇಳಿ ಆಮೇಲೆ ಬಂದ ಬೆಲೆಯನ್ನು ತಿರಸ್ಕರಿಸಿದರೆ ಎರಡನೇ ಮಾತು ಮುರಿದಂತೆ. ಆಗ ನಾಯಕರು ಕೋಣೆಗೆ ಬರುವುದಷ್ಟೇ ಅಲ್ಲ, ಅವನ ಸಾಮಾಜಿಕ ಗುಂಪಿನಲ್ಲಿರುವ ಎಲ್ಲರ ಮುಖವೂ ಕೆಂಪಾಗುತ್ತದೆ. ನಾಯಕರು ಬಂದಾಗ ವಾದ ಮಾಡಬೇಡಿ. ಅವರಲ್ಲಿ ಒಬ್ಬನಾದರೂ ನಿಮ್ಮ ಮಾತಿಗೆ ತಲೆಯಾಡಿಸಿದರೆ ಸಾಕು, ಕೆಳಗಿನವರು ತಣ್ಣಗಾಗುತ್ತಾರೆ.

ಈಗ ಮಾರಾಟಕ್ಕೆ ಬರೋಣ. ನೀವು ನವೀಕರಿಸದಿದ್ದರೆ ಒಲೀಸೆಯ ಕರಾರು 2027ರವರೆಗೆ ಇರುತ್ತದೆ. ಅಂದರೆ ಬರುವ ಬೇಸಿಗೆಯಲ್ಲಿ ಇನ್ನೂ ಎರಡು ವರ್ಷ ಉಳಿದಿರುತ್ತದೆ, ಬೆಲೆ ಪೂರ್ತಿ ಸಿಗುವ ಕೊನೆಯ ಬೇಸಿಗೆ ಅದು. ಒಂದು ವರ್ಷಕ್ಕಿಳಿದರೆ ಬೆಲೆ ಜಾರುತ್ತದೆ. ಆರು ತಿಂಗಳಿಗಿಳಿದರೆ ವಿದೇಶಿ ಕ್ಲಬ್ಬುಗಳು ಮುಂಗಡ ಕರಾರು ಮಾಡಿಕೊಂಡು ಬಿಟ್ಟಿಯಾಗಿ ಎತ್ತಿಕೊಂಡು ಹೋಗುತ್ತವೆ. ನಿಜದ ಪ್ಯಾಲೇಸ್ ಎರಡನ್ನೂ ಕಂಡಿದೆ. ವಿಲ್ಫ್ರೆಡ್ ಜಾಹಾ 2023ರಲ್ಲಿ ಕರಾರು ಮುಗಿಸಿಕೊಂಡು ಗಲತಸರಾಯ್‌ಗೆ ಹೋದಾಗ ಕ್ಲಬ್ಬಿಗೆ ಒಂದು ಪೌಂಡೂ ಬರಲಿಲ್ಲ. 2021ರಲ್ಲಿ ರೆಡಿಂಗ್‌ನಿಂದ ಸುಮಾರು 80 ಲಕ್ಷ ಪೌಂಡ್‌ಗೆ ತಂದ ಇದೇ ಒಲೀಸೆ 2024ರಲ್ಲಿ ಸುಮಾರು 5 ಕೋಟಿಗೆ ಬಯರ್ನ್ ಮ್ಯೂನಿಕ್ ಸೇರಿದ.

ಜನವರಿಯಲ್ಲಿ ಏಕೆ ಬೇಡ ಎಂದರೆ, ಕೈಯಲ್ಲಿ 5 ಕೋಟಿ ಇರುವುದು ಎಲ್ಲರಿಗೂ ಗೊತ್ತಾದ ಕ್ಲಬ್ಬು ತಿಂಗಳ ಕೊನೆಯಲ್ಲಿ ಬದಲಿ ಆಟಗಾರನಿಗಾಗಿ ಅಲೆಯಬೇಕಾಗುತ್ತದೆ. ಬಂದವನಿಗೂ ತಂತ್ರ ಒಗ್ಗಲು ವಾರಗಳು ಬೇಕು. 2025ರ ಸೆಪ್ಟೆಂಬರ್ 1ರಂದು, ವರ್ಗಾವಣೆಯ ಕಿಟಕಿ (ಆಟಗಾರರನ್ನು ಕೊಂಡು ಮಾರಲು ಇರುವ ಅವಧಿ) ಮುಚ್ಚುವ ದಿನವೇ, ಪ್ಯಾಲೇಸ್‌ನ ಅಂದಿನ ನಾಯಕ ಮಾರ್ಕ್ ಗೇಹಿ ಲಿವರ್‌ಪೂಲ್‌ಗೆ ಹೋಗುವುದು ಕೊನೆಗಳಿಗೆಯಲ್ಲಿ ತಪ್ಪಿದ್ದೂ ಪ್ಯಾಲೇಸ್‌ಗೆ ಬದಲಿ ಸಿಗಲಿಲ್ಲವೆಂದೇ. ಬದಲಿ ಸಹಿ ಹಾಕದೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದದ್ದನ್ನು ನೀವೂ ಅನುಸರಿಸಬಹುದು.

ಹಾಗಾದರೆ ಈ ತಿಂಗಳು ಮಾಡಬೇಕಾದ್ದೇನು? ಒಲೀಸೆಯ ಕರಾರಿನ ಪುಟ ತೆರೆದು ಬಿಡುಗಡೆ ಷರತ್ತು ಇದೆಯೇ, ಹಳೆಯ ಕ್ಲಬ್ಬಿಗೆ ಮುಂದಿನ ಮಾರಾಟದಲ್ಲಿ ಪಾಲು ಇದೆಯೇ ನೋಡಿ. ಬಿಡುಗಡೆ ಷರತ್ತು ಇದ್ದರೆ ಆ ಮೊತ್ತ ಬಂದ ದಿನ ನಿಮ್ಮ ಒಪ್ಪಿಗೆಗೆ ಬೆಲೆಯೇ ಇಲ್ಲ, ಮೇಲೆ ಹೇಳಿದ ಎಲ್ಲ ಲೆಕ್ಕವೂ ಆ ಅಂಕಿಯಿಂದಲೇ ಶುರುವಾಗಬೇಕು. ಆಮೇಲೆ ಹಣಕಾಸಿನ ಪುಟದಲ್ಲಿ, ಮಾರಾಟದ ಹಣದಲ್ಲಿ ಎಷ್ಟು ಪಾಲನ್ನು ಬೋರ್ಡ್ ನಿಮಗೆ ಬಿಡುತ್ತದೆ ಎಂಬುದನ್ನು ಓದಿ. 6 ಕೋಟಿಗೆ ಮಾರಿ, ಕೈಗೆ ಮೂರೇ ಬಂದಾಗ ಕಂಗಾಲಾಗುವವರು ಈ ಒಂದು ಸಾಲನ್ನು ನೋಡಿರುವುದಿಲ್ಲ.

ಕೊಳ್ಳಲು ಬೇರೆ ಕ್ಲಬ್ಬಿನ ಪ್ರಸ್ತಾಪ ಬಂದಾಗ ಹೆಚ್ಚಿನ ಹಣವನ್ನು ಮೊದಲ ದಿನವೇ ಕೇಳಿ, ಮೂರು ವರ್ಷದ ಕಂತು ನಿಮ್ಮ ಬೇಸಿಗೆಯ ಖರೀದಿಗೆ ಬರುವುದಿಲ್ಲ. ಮುಂದಿನ ಮಾರಾಟದ ಪಾಲಿಗಾಗಿ ಇಲ್ಲಿ ಜಗ್ಗಾಡಬೇಡಿ. ಶಿಖರದಲ್ಲಿರುವ ಕ್ಲಬ್ಬು ಅವನನ್ನು ಇನ್ನೂ ಹೆಚ್ಚಿನ ಬೆಲೆಗೆ ಮಾರುವ ಸಂಭವ ಕಡಿಮೆ. ಆ ಷರತ್ತನ್ನು ನಿಮ್ಮ ಅಕಾಡೆಮಿಯ ಹತ್ತೊಂಬತ್ತರ ಹುಡುಗನನ್ನು ಮಾರುವಾಗ ಬಳಸಿ: ಲಾಭದ 20 ಪ್ರತಿಶತ ಕೇಳಿ, 15ಕ್ಕೆ ಇಳಿಯಿರಿ.

ಬದಲಿಯನ್ನು ಎಲ್ಲಿ ಹುಡುಕಬೇಕು ಎಂಬಲ್ಲೇ ಅನೇಕರು ಎಡವುತ್ತಾರೆ. ಒಲೀಸೆ ಲಂಡನ್ನಿನಲ್ಲಿ ಹುಟ್ಟಿ ಇಂಗ್ಲಿಷ್ ಅಕಾಡೆಮಿಗಳಲ್ಲೇ ಬೆಳೆದವನು, ಹಾಗಾಗಿ ‘ಹೋಮ್‌ಗ್ರೋನ್’ ಲೆಕ್ಕದಲ್ಲಿದ್ದಾನೆ. ಲೀಗ್‌ಗೆ ನೋಂದಾಯಿಸಬಹುದಾದ 25 ಜನರಲ್ಲಿ ಹೊರಗೆ ಬೆಳೆದವರು 17ಕ್ಕಿಂತ ಹೆಚ್ಚಿರುವಂತಿಲ್ಲ. ನಿಮ್ಮಲ್ಲಿ ಹೋಮ್‌ಗ್ರೋನ್ ಆರೇ ಮಂದಿ ಇದ್ದರೆ ಪಟ್ಟಿ 23ಕ್ಕೇ ನಿಲ್ಲುತ್ತದೆ. ಒಲೀಸೆಯನ್ನು ಬಿಟ್ಟು ವಿದೇಶಿ ವಿಂಗರ್ ತಂದರೆ ಒಂದು ಜಾಗ ಅಲ್ಲಿ ಕಳೆದು, ಒಂದು ಜಾಗ ಇಲ್ಲಿ ತುಂಬುತ್ತದೆ. ಕಿಟಕಿ ಮುಚ್ಚಿದ ಮೇಲೆ ಒಬ್ಬ ಒಳ್ಳೆಯ ಆಟಗಾರ ಪಟ್ಟಿಯ ಹೊರಗೆ ಕುಳಿತು ಸಂಬಳ ತಿನ್ನುವುದು ಹೀಗೆಯೇ. 21ರೊಳಗಿನವರಿಗೆ ಈ ಪಟ್ಟಿ ಬೇಕಿಲ್ಲ. ನಿಮ್ಮ 2024–25ರ ಸೀಸನ್ನಿಗೆ 2003ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಆ ಸಾಲಿಗೆ ಬರುತ್ತಾರೆ, ಮುಂದಿನ ಸೀಸನ್ನಿಗೆ ವರ್ಷವನ್ನು ಒಂದು ಮುಂದಕ್ಕೆ ಹಾಕಿಕೊಳ್ಳಿ.

ಕೆಲಸದ ಪರವಾನಗಿಯೂ ಇದೆ. ಬ್ರೆಕ್ಸಿಟ್ ನಂತರ, 2021ರಿಂದ, ಯುರೋಪಿನವರಿಗೂ ಅಂಕಗಳ ಲೆಕ್ಕ ಇದೆ. 18 ತುಂಬದ ವಿದೇಶಿ ಹುಡುಗರನ್ನು ತರುವಂತೆಯೇ ಇಲ್ಲ. ಅಂಕ ಸಾಲದವರನ್ನು ತರಲು ಗರಿಷ್ಠ ನಾಲ್ಕು ವಿಶೇಷ ಜಾಗಗಳಿವೆ, ನೀವು ಇಂಗ್ಲಿಷ್ ಆಟಗಾರರಿಗೆ ಕೊಡುವ ಆಟದ ನಿಮಿಷಗಳ ಮೇಲೆ ಅವು ನಿಂತಿವೆ.

ಇವೆಲ್ಲ ಒಟ್ಟಾಗಿ ಬೆರಳು ತೋರಿಸುವುದು ಚಾಂಪಿಯನ್‌ಶಿಪ್‌ನತ್ತ. ಎಬೆರೆಚಿ ಎಜೆ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನಿಂದ, ಒಲೀಸೆ ರೆಡಿಂಗ್‌ನಿಂದ, ಆ್ಯಡಮ್ ವಾರ್ಟನ್ ಬ್ಲ್ಯಾಕ್‌ಬರ್ನ್‌ನಿಂದ ಬಂದವರು; ಮೂವರೂ ಎರಡನೇ ಹಂತದ ಲೀಗಿನವರೇ. ನಿಮ್ಮ ಸೇವ್ ಹಳೆಯ ಡೇಟಾಬೇಸ್‌ನಲ್ಲಿ ಶುರುವಾಗಿದ್ದರೆ ವಾರ್ಟನ್ ಇನ್ನೂ ಬ್ಲ್ಯಾಕ್‌ಬರ್ನ್‌ನಲ್ಲೇ ಇರಬಹುದು, ನೋಡಿ. ಸ್ಕೌಟಿಂಗ್ ಪುಟದಲ್ಲಿ ಚಾಂಪಿಯನ್‌ಶಿಪ್‌ಗೆಂದೇ ಒಂದು ಹುಡುಕಾಟ ಹೂಡಿ: ವಯಸ್ಸು 18ರಿಂದ 22, ಎಡಗಾಲಿನ ಬಲ ವಿಂಗರ್, ಫಸ್ಟ್ ಟಚ್, ಟೆಕ್ನಿಕ್, ಡ್ರಿಬ್ಲಿಂಗ್ 20ಕ್ಕೆ 14ರ ಆಸುಪಾಸು, ಡಿಸಿಷನ್ಸ್ 12ಕ್ಕಿಂತ ಕಡಿಮೆ ಬೇಡ. ವೇಗ 17, ಡಿಸಿಷನ್ಸ್ 8 ಇರುವವನು ವಿಡಿಯೊದಲ್ಲಿ ಚೆನ್ನ, ನಿಮ್ಮ ಎದುರಾಳಿಗಳು ಈಗ ಆಡುವ ರೀತಿಗೆ ಉಪಯೋಗಕ್ಕಿಲ್ಲ.

14ನೇ ಸ್ಥಾನದ ಕಾರಣ ಅದೇ. ಕಳೆದ ವರ್ಷ ನಿಮ್ಮನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಎದುರಾಳಿಗಳು ಮೇಲೇರಿ ಆಡಿದರು, ಅವರ ಬೆನ್ನ ಹಿಂದಿನ ಬಯಲಲ್ಲಿ ನಿಮ್ಮ ಕೌಂಟರ್ (ಪ್ರತಿದಾಳಿ) ಓಡಿತು. 9ನೇ ಸ್ಥಾನ ಬಂದ ಮೇಲೆ ನಿಮ್ಮ ಹೆಸರು ಬೆಳೆಯಿತು. ನಿಮ್ಮ ತವರು ಮೈದಾನ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬರುವ ಸಣ್ಣ ತಂಡಗಳು ಈಗ ಪೆನಾಲ್ಟಿ ಬಾಕ್ಸಿನೆದುರು ಗೋಡೆ ಕಟ್ಟುತ್ತವೆ. ಸೋತ ಐದು ತವರು ಪಂದ್ಯಗಳ ಅಂಕಿಅಂಶ ತೆರೆಯಿರಿ. ಚೆಂಡು ನಿಮ್ಮ ಬಳಿ 55 ಪ್ರತಿಶತಕ್ಕಿಂತ ಹೆಚ್ಚಿದ್ದು, ಹೊಡೆತ ಹದಿನೈದಾದರೂ ಅವುಗಳ ಎಕ್ಸ್‌ಜಿ (ನಿರೀಕ್ಷಿತ ಗೋಲುಗಳ ಲೆಕ್ಕ) ಒಂದನ್ನೂ ಮುಟ್ಟಿಲ್ಲವಾದರೆ ರೋಗ ಇದೇ. ಫಾರ್ಮೇಷನ್ ಬದಲಿಸಬೇಡಿ, ತಂಡಕ್ಕೆ ಒಗ್ಗಿದ್ದೆಲ್ಲ ಹಾಳಾಗುತ್ತದೆ. ಅದೇ ಫಾರ್ಮೇಷನ್ನನ್ನು ಎರಡನೇ ಜಾಗದಲ್ಲಿ ನಕಲು ಮಾಡಿ, ಕೌಂಟರ್ ಸೂಚನೆ ತೆಗೆಯಿರಿ, ಟೆಂಪೋ ಒಂದು ಮೆಟ್ಟಿಲು ಇಳಿಸಿ, ಅಗಲ ಹೆಚ್ಚಿಸಿ, ಒಂದು ಬದಿಯ ಫುಲ್‌ಬ್ಯಾಕ್‌ಗೆ ಮಾತ್ರ ಅಟ್ಯಾಕ್ ಕೊಡಿ. ಇನ್ನೊಬ್ಬ ಹಿಂದುಳಿಯದಿದ್ದರೆ ಅವರ ಕೌಂಟರ್‌ಗೆ ನೀವೇ ಬಾಗಿಲು ತೆರೆದಂತೆ. ಇದು ತವರಿನಲ್ಲಿ ಸಣ್ಣ ತಂಡಗಳಿಗೆ, ಹಳೆಯದು ದೊಡ್ಡವರಿಗೆ ಮತ್ತು ಹೊರಗಿನ ಪಂದ್ಯಗಳಿಗೆ. ಕಾರ್ನರ್‌ಗಳನ್ನು ಸಹಾಯಕನಿಗೆ ಬಿಟ್ಟಿದ್ದರೆ ಒಂದು ಸಂಜೆ ಕೂತು ನೀವೇ ಹೊಂದಿಸಿ, ಗೋಡೆ ಕಟ್ಟುವವರ ವಿರುದ್ಧ ಅದೇ ಅಗ್ಗದ ಗೋಲು.

ಈಗ ತಿಳಿಯಿತಲ್ಲ, ಸೇವ್ ಮತ್ತೆ ತೆರೆಯುವುದು ಏಕೆ ಕೆಟ್ಟದ್ದೆಂದು. ಪ್ರತಿ ಸಲ ತೆರೆದಾಗಲೂ ಪಂದ್ಯ ಹೊಸದಾಗಿ ನಡೆಯುತ್ತದೆ. ಮೂರನೇ ಸಲ ಗೆದ್ದದ್ದು ಅದೃಷ್ಟ, ತಂತ್ರದ ತಪ್ಪು ಹಾಗೇ ಉಳಿಯುತ್ತದೆ. ಹೀಗೆ ಗೆದ್ದೂ 14ರಲ್ಲಿದ್ದೀರಿ ಎಂದರೆ ನಿಜಸ್ಥಿತಿ ಇನ್ನೂ ಕೆಳಗಿದೆ. ಹಳೆಯ ಸೇವ್‌ಗಳನ್ನು ಬೇರೆ ಫೋಲ್ಡರ್‌ಗೆ ಸರಿಸಿ ಒಂದನ್ನೇ ಇಟ್ಟುಕೊಳ್ಳಿ. ಆಟೊಸೇವ್ ವಾರಕ್ಕೊಮ್ಮೆ ಇದ್ದರೆ ಸಾಕು, ಅದು ಕಂಪ್ಯೂಟರ್ ಕೈಕೊಟ್ಟಾಗ ಮಾತ್ರ. ನಿಮ್ಮ ಎರಡು ಗಂಟೆಯ ರಾತ್ರಿಗಳಲ್ಲಿ ಅರ್ಧ ಇಲ್ಲೇ ಮಿಗುತ್ತದೆ.

ಉಳಿದರ್ಧಕ್ಕೆ: ಪತ್ರಿಕಾಗೋಷ್ಠಿ, ತರಬೇತಿಯ ವೇಳಾಪಟ್ಟಿ, ಯುವ ಆಟಗಾರರ ಕರಾರು ಎಲ್ಲವನ್ನೂ ಜವಾಬ್ದಾರಿಗಳ ಪುಟದಲ್ಲಿ ಸಹಾಯಕರಿಗೆ ವಹಿಸಿ. ಪಂದ್ಯವನ್ನು ‘ಕೀ’ ಹೈಲೈಟ್‌ನಲ್ಲಿ, ಅಂದರೆ ಮುಖ್ಯ ಕ್ಷಣಗಳನ್ನಷ್ಟೇ, ನೋಡಿ. ನಿಲ್ಲಿಸುವ ಜಾಗ ಮುಖ್ಯ. ಪಂದ್ಯದ ಹಿಂದಿನ ದಿನ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ, ‘ಇದೊಂದು ನೋಡಿಬಿಡೋಣ’ ಎನಿಸುತ್ತದೆ. ಪಂದ್ಯ ಮುಗಿದು, ಡ್ರೆಸ್ಸಿಂಗ್ ರೂಮಿನ ಮಾತು ಮುಗಿದ ಕೂಡಲೇ ಸೇವ್ ಮಾಡಿ ಹೊರಬನ್ನಿ, ‘ಕಂಟಿನ್ಯೂ’ ಒತ್ತುವ ಮೊದಲೇ. ಹತ್ತೂವರೆಯ ಮೇಲೆ ಹೊಸ ಪಂದ್ಯ ಶುರುಮಾಡಬೇಡಿ.

ನಿಮ್ಮ ಹೆಂಡತಿ ಆಟ ಬಿಡಿ ಎಂದಿಲ್ಲ, ಗಮನಿಸಿದಿರಾ? ಹನ್ನೊಂದು ಗಂಟೆ ಎಂದಿದ್ದಾರೆ ಅಷ್ಟೆ. ಅವರಿಗೆ ವಿವರಣೆ ಬೇಡ. ಕಿಟಕಿ ಮುಚ್ಚುವ ದಿನದಂಥ ದೀರ್ಘ ದಿನಗಳನ್ನು ಭಾನುವಾರ ಮಧ್ಯಾಹ್ನಕ್ಕಿಟ್ಟು, ಅದನ್ನು ಅವರಿಗೆ ಶುಕ್ರವಾರವೇ ಹೇಳಿ.

ಇನ್ನೊಂದು ಮಾತು. ಜನವರಿ ಶುರುವಾಗಿದೆ ಎಂದರೆ ಎಫ್‌ಎ ಕಪ್ಪಿನ ಮೂರನೇ ಸುತ್ತು ಎದುರಿಗಿದೆ. ಅಲ್ಲಿಂದ ಕಪ್ಪಿಗೆ ಆರೇ ಗೆಲುವು, ಗೆದ್ದರೆ ಯುರೋಪಿನ ಬಾಗಿಲು ತೆರೆಯುತ್ತದೆ. 2025ರ ಮೇ 17ರಂದು ಮ್ಯಾಂಚೆಸ್ಟರ್ ಸಿಟಿಯನ್ನು 1–0ರಿಂದ ಸೋಲಿಸಿ ಕಪ್ ಎತ್ತಿದ ಪ್ಯಾಲೇಸ್ ಆ ವರ್ಷ ಲೀಗ್‌ನಲ್ಲಿ ಮುಗಿಸಿದ್ದು 12ನೇ ಸ್ಥಾನದಲ್ಲಿ. ಮೂರನೇ ಸುತ್ತಿಗೆ ಮೀಸಲು ತಂಡ ಕಳಿಸುವ ಅಭ್ಯಾಸ ಬಿಡಿ, ಒಲೀಸೆಯನ್ನೇ ಆಡಿಸಿ. ನೀವು ಅವನನ್ನು ಮಾತಿಗೆ ಕರೆಯಬೇಕಾದ ಗೆಲುವು ಅದೇ ಆಗಬಹುದು.